ನೀರುನಾಯಿಗೆ ಉಡಿ ತುಂಬಿದವಳು

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪೇಪರಿನಲ್ಲಿ ಹೆಸರು ಬಂದವರನ್ನು ಸರ್ಕಾರದವರು ಹುಡುಕಿಕೊಂಡು ಬರುತ್ತಾರೆ ಎಂಬುದು ಆಕೆಯ ಗಟ್ಟಿ ನಂಬಿಕೆಯಾಗಿತ್ತು. ಒಮ್ಮೆ ಫೋಟೋ ಬಂದದ್ದಕ್ಕೇ ಜೀಪು ಬಾಗಿಲಿಗೆ ಬಂದು ನಿಂತಿತ್ತು, ಹಾಗಾಗಿ ನಂಬಿಕೆ ಸುಳ್ಳೆಂದು ನಾನೂ ಹೇಳಲಾರೆ. ಆಕೆಯ ಊರಾದ ಕೇಣಿಯಲ್ಲಿ ಸಣ್ಣವರು ದೊಡ್ಡವರೆನ್ನದೆ ಎಲ್ಲರೂ ಆಕೆಯನ್ನು ಆಯಿ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ, ಹಾಗೆಯೇ ಬರೆಯುತ್ತೇನೆ.

ಹೋದ ಮಳೆಗಾಲದಲ್ಲಿ ಆಯಿ ತೀರಿಕೊಂಡಳು. ಸುದ್ದಿ ಕೇಳಿ ಹೋದಾಗ ಅಂಗಳದಲ್ಲಿ ಕೂತವರೆಲ್ಲ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದರು. ಯಾರೋ ಒಬ್ಬರು ಆಕೆ ಬಸ್ ಕಂಡಕ್ಟರನಿಗೆ ಬೈದದ್ದನ್ನು ಹೇಳಿದರೆ, ಇನ್ನೊಬ್ಬರು ಡಾಕ್ಟರಿಗೆ ಬೈದದ್ದನ್ನು ಹೇಳುತ್ತಿದ್ದರು. ಆ ಬೈಗುಳಗಳಲ್ಲಿ ಒಂದನ್ನೂ ಇಲ್ಲಿ ಅಚ್ಚು ಹಾಕಿಸುವಂತಿಲ್ಲ, ಅದೇ ನನ್ನ ಸಂಕಟ.

ನಾನು ಡ್ರಿಲ್ ಮಾಸ್ತರ. ಹುಟ್ಟಿ ಬೆಳೆದದ್ದು ಬಿಣಗಾದಲ್ಲಿ, ಫ್ಯಾಕ್ಟರಿ ಕೆಲಸಗಾರರ ಮನೆಗಳ ಸಾಲಿನಲ್ಲಿ. ಅಂಕೋಲೆಯ ಹೈಸ್ಕೂಲಿಗೆ ನೌಕರಿ ಸಿಕ್ಕಾಗ ಕೇಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಆಯಿಯ ಮನೆ ಪಕ್ಕದ್ದು, ನಡುವೆ ಬೇಲಿಯೂ ಇಲ್ಲ. ಗಂಡ ಇರಲಿಲ್ಲ, ಮೂವರು ಗಂಡುಮಕ್ಕಳು ದೋಣಿಗೆ ಹೋಗುತ್ತಿದ್ದರು, ಆಯಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಹೆಣ್ಣುಮಗು ಬೇಕಿತ್ತಂತೆ. 'ದೇವ್ರ ಹತ್ರ ಬಂಗಡೆ ಕೇಳಿದ್ರೆ ಮೂರು ಸಲನೂ ತಾರ್ಲೆ ಕೊಟ್ಟ' ಎಂದು ಮಕ್ಕಳ ಎದುರೇ ಹೇಳುತ್ತಿದ್ದಳು. ತಾರ್ಲೆ ಎಂದರೆ ಬಂಗಡೆಗಿಂತ ಸಣ್ಣ, ಅಗ್ಗದ ಮೀನು; ಆದರೆ ಈ ಮೂರು ತಾರ್ಲೆಗಳೂ ಆರಡಿ ಎತ್ತರದವು, ತಲೆ ತಗ್ಗಿಸಿ ಗಂಜಿ ಉಣ್ಣುತ್ತಿದ್ದವು.

ಮೀನು ತಾಜಾ ಹೌದೋ ಅಲ್ಲವೋ ಎಂದು ಕಿವಿರು ಎತ್ತಿ ನೋಡುತ್ತಾರಲ್ಲ, ಮನುಷ್ಯರನ್ನೂ ಆಯಿ ಹಾಗೆಯೇ ನೋಡುತ್ತಿದ್ದಳು. ಆಕೆಯ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಜಾತಿ: ತಾಜಾ ಮತ್ತು ಐಸಿನದು. ಐಸಿನದು ಎಂದರೆ ನೋಡಲು ಚೆಂದ, ಬೇಯಿಸಿದರೆ ರುಚಿಯಿಲ್ಲ. ನಾನು ಹೋದ ಹೊಸತರಲ್ಲಿ 'ಈ ಮಾಸ್ತರ ಐಸಿನದು' ಎಂದು ಕೇರಿಗೆಲ್ಲ ಹೇಳಿದ್ದಳಂತೆ. ಒಂದು ಸಂಜೆ ದಂಡೆಯಲ್ಲಿ ಹುಡುಗರ ಜೊತೆ ವಾಲಿಬಾಲ್ ಆಡುವಾಗ ನಾನು ಬಿದ್ದು ಮೊಣಕಾಲು ಒಡೆದುಕೊಂಡು, ನಗುತ್ತ ಎದ್ದೆ. ಮರುದಿನ ಬಾಗಿಲಿಗೆ ಮೀನುಸಾರು ಬಂತು. ನಾನು ತಾಜಾ ಆಗಿದ್ದೆ.

ಶೆಟ್ಲಿ ಬಂದದ್ದು ಅದರ ಮರುವರ್ಷದ ಮಳೆಯಲ್ಲಿ. ಹಳ್ಳಕ್ಕೆ ನೆರೆ ಬಂದು, ಅಳಿವೆಯ ಹತ್ತಿರ ಹಾಕಿದ ಬಲೆಯಲ್ಲಿ ಒಂದು ನೀರುನಾಯಿಯ ಮರಿ ಸಿಕ್ಕಿಬಿದ್ದಿತ್ತು. ಮೀನುಗಾರರಿಗೆ ನೀರುನಾಯಿ ಕಂಡರಾಗದು, ಅವರ ಪಾಲಿಗೆ ಅದು ಹುಟ್ಟುಗಳ್ಳ. ಆಯಿಯ ದೊಡ್ಡ ಮಗ ಅದನ್ನು ಬಾಲ ಹಿಡಿದು ಎಸೆಯುವುದರಲ್ಲಿದ್ದ. ಆಯಿ ಕಸಿದುಕೊಂಡು ಹೊಟ್ಟೆ ಅಡಿ ಮಾಡಿ ನೋಡಿದಳು.

'ಹೆಣ್ಣು' ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ ಮಲಗಿಸಿದಳು. ಮೊದಲು ಬತ್ತಿ ಅದ್ದಿ ಹಾಲು, ಆಮೇಲೆ ಸೀಗಡಿ. ನಮ್ಮ ಕಡೆ ಸೀಗಡಿಗೆ ಶೆಟ್ಲಿ ಎನ್ನುತ್ತಾರೆ, ತಿನ್ನುವುದರ ಹೆಸರೇ ತಿನ್ನುವವಳಿಗೂ ಬಂತು. ಸಣ್ಣ ಮಕ್ಕಳಿಗೆ ಕೊಡುವಂತೆ ಸಿಪ್ಪೆ ತೆಗೆದು, ತಲೆ ಕಿತ್ತು, ತೊಳೆದು ಕೊಡುತ್ತಿದ್ದಳು. ದೊಡ್ಡದಾದ ಮೇಲೆ ಬಂಗಡೆಯ ಮುಳ್ಳು ಬಿಡಿಸಿ ಕೊಡುತ್ತಿದ್ದಳು. ಗಂಡುಮಕ್ಕಳು ಮುಳ್ಳನ್ನು ತಾವೇ ಬಿಡಿಸಿಕೊಂಡು ಉಣ್ಣುತ್ತ ಇದನ್ನು ನೋಡುತ್ತಿದ್ದರು.

ನಮ್ಮ ವಾಲಿಬಾಲ್ ತಂಡಕ್ಕೆ ಶೆಟ್ಲಿ ಬಂದು ಸೇರಿದ್ದು ತಾನಾಗಿಯೇ. ಸಂಜೆ ದಂಡೆಯಲ್ಲಿ ಆಟ ಶುರುವಾದರೆ ಓಡಿಬಂದು ನೆಟ್ಟಿನ ಕಂಬದ ಬುಡದಲ್ಲಿ ಕೂರುವುದು, ಹೊರಗೆ ಬಿದ್ದ ಚೆಂಡನ್ನು ಅಟ್ಟಿಸಿಕೊಂಡು ಹೋಗಿ ಎರಡು ಕೈಯಲ್ಲಿ ಹಿಡಿದು ಮಗುಚಿಕೊಳ್ಳುವುದು. ನಾನು ಪೀಪಿ ಊದಿದರೆ ತಾನೂ ಸಿಳ್ಳೆ ಹಾಕುವುದು. ಎಷ್ಟೋ ಸಲ ಹುಡುಗರು ಅದರ ಸಿಳ್ಳೆಗೆ ಆಟ ನಿಲ್ಲಿಸಿದ್ದುಂಟು. ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಪ್ರತಿ ವರ್ಷ ಒಂದು ಪಂದ್ಯಾವಳಿ ಇರುತ್ತಿತ್ತು, ಪ್ರತಿ ವರ್ಷ ನಾವು ಮೊದಲ ಆಟಕ್ಕೇ ಸೋತು ಊಟ ಮಾಡಿ ಬರುತ್ತಿದ್ದೆವು. ಆ ಸಲ ಆಯಿಯೂ ಶೆಟ್ಲಿಯೂ ಬಂದರು. ನಾವು ಗೆದ್ದೆವು. ಎದುರಿನವರು ಚೆಂಡು ನೋಡುವುದನ್ನು ಬಿಟ್ಟು ನೀರುನಾಯಿಯನ್ನು ನೋಡುತ್ತಿದ್ದರು ಎಂಬುದು ಹೊರಗಿನವರ ಮಾತು, ತರಬೇತಿ ಫಲಿಸಿತು ಎಂಬುದು ನನ್ನ ಮಾತು. ಹುಡುಗರು ಯಾರನ್ನು ನಂಬಿದರು ಎಂದು ಕೇಳಬೇಡಿ. ಮರುವಾರವೇ ಅವರ ಬನಿಯನ್ನಿನ ಎದೆಯ ಮೇಲೆ ನೀರುನಾಯಿಯ ಚಿತ್ರ ಬಂತು, ನನ್ನದಲ್ಲ.

ಅದಾದ ಮೇಲೆ ಪೇಪರಿನಲ್ಲಿ ಫೋಟೋ. ಕಪ್ ಹಿಡಿದ ಹುಡುಗರು, ನಡುವೆ ಆಯಿ, ಆಯಿಯ ತೊಡೆಯ ಮೇಲೆ ಶೆಟ್ಲಿ.

ಫೋಟೋ ನೋಡಿ ಮೊದಲು ಬಂದವರು ಜಿಲ್ಲೆಯ ಕ್ರೀಡಾ ಅಧಿಕಾರಿ. ಕಾರವಾರದ ಕಡಲತೀರದಲ್ಲಿ ಕ್ರೀಡಾಕೂಟ ಇದೆ, ಡೀಸಿ ಸಾಹೇಬರು ಉದ್ಘಾಟಿಸುತ್ತಾರೆ, ನಿಮ್ಮ ನೀರುನಾಯಿಯೇ ಕೂಟದ ಲಾಂಛನ, ಜೀವಂತ ಕರೆದುಕೊಂಡು ಬನ್ನಿ ಎಂದು ಆಮಂತ್ರಣ ಕೊಟ್ಟು, ಶೆಟ್ಲಿಯ ತಲೆ ಸವರಿ, ಬೆರಳು ಕಚ್ಚಿಸಿಕೊಂಡು ಹೋದರು. ಎರಡು ದಿನ ಬಿಟ್ಟು ಅರಣ್ಯ ಇಲಾಖೆಯ ಜೀಪು ಬಂತು.

ರೇಂಜರ್ ಸಾಹೇಬರು ಎಳೆ ವಯಸ್ಸಿನವರು, ಬಯಲುಸೀಮೆಯವರು, ಮೆತ್ತಗಿನ ಮಾತು. ಇದು ಕಾಡುಪ್ರಾಣಿ, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ, ನಾವಿದನ್ನು ಮೃಗಾಲಯಕ್ಕೆ ಕಳಿಸಬೇಕಾಗುತ್ತದೆ ಎಂದರು. ಆಯಿ ಅವರಿಗೆ ಮಣೆ ಕೊಟ್ಟು ಚಾ ಕೊಟ್ಟಳು.

'ಮೃಗಾಲಯ ಅಂದ್ರೆ ಎಲ್ಲಿ ಬಂತ್ರಾ ಸಾಹೇಬ್ರೇ?'

ಸಾಹೇಬರು ಘಟ್ಟದ ಮೇಲಿನ ಒಂದು ದೊಡ್ಡ ಊರಿನ ಹೆಸರು ಹೇಳಿದರು.

'ಅಲ್ಲಿ ನೀರು ಅದ್ಯಾ?'

'ಸಿಮೆಂಟಿನ ತೊಟ್ಟಿ ಇದೆಯಮ್ಮ. ಸುತ್ತ ಜಾಲರಿ. ಚೆನ್ನಾಗಿ ನೋಡಿಕೊಳ್ತಾರೆ.'

'ತೊಟ್ಟಿಲಿ ನಮ್ಮ ಹಳ್ಳದ ಹಾಂಗೆ ನೀರು ಏರೂದು ಇಳ್ಯೂದು ಉಂಟಾ?'

ಸಾಹೇಬರು ಚಾ ಕುಡಿದರು. ಡೀಸಿ ಸಾಹೇಬರು ಕರೆದಿದ್ದಾರೆ, ಅವರನ್ನು ನೋಡಿ ಬರುತ್ತೇನೆ, ಆಮೇಲೆ ನೀವು ಹೇಳಿದ ಹಾಗೆ ಎಂದಳು ಆಯಿ. ಒಂದು ಇಲಾಖೆ ಆಮಂತ್ರಣ ಕೊಟ್ಟ ಅತಿಥಿಯನ್ನು ಇನ್ನೊಂದು ಇಲಾಖೆ ಜಪ್ತಿ ಮಾಡುವುದು ಹೇಗೆಂದು ರೇಂಜರ್ ಸಾಹೇಬರಿಗೂ ತಿಳಿಯಲಿಲ್ಲ. ತಾನೂ ಕಾರವಾರಕ್ಕೆ ಬರುತ್ತೇನೆಂದು ಹೇಳಿ ಹೊರಟರು. ಜೀಪು ಹೋದ ಮೇಲೆ ಆಯಿ, 'ತಾಜಾ ಹುಡ್ಗ. ಆದ್ರೆ ಕೈಲಿ ಐಸಿನ ಕಾಯ್ದೆ ಅದೆ' ಎಂದಳು. ಆ ರಾತ್ರಿ ಆಕೆಯ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಕಾರವಾರಕ್ಕೆ ನಾವು ಹೋದದ್ದು ಬಸ್ಸಿನಲ್ಲಿ. ಬುಟ್ಟಿಯ ಮೇಲೆ ಬಟ್ಟೆ, ಒಳಗೆ ಶೆಟ್ಲಿ. ಬಿಣಗಾ ದಾಟುವಾಗ ಅದು ಸಿಳ್ಳೆ ಹಾಕಿತು.

'ಆಯೀ, ಬುಟ್ಟಿಲಿ ಎಂತದು ಕೂಗ್ತದೆ?' ಎಂದ ಕಂಡಕ್ಟರ್.

'ಬುಟ್ಟಿ ಎಂತಕೆ ಕೂಗ್ತದೆ? ಮಾಸ್ತರ್ರ ಪೀಪಿ.'

ನನ್ನ ಕೊರಳಲ್ಲಿ ಪೀಪಿ ಇದ್ದದ್ದು ನಿಜ. ಕಂಡಕ್ಟರ್ ನನ್ನನ್ನು ಒಂಥರಾ ನೋಡಿದ. ಮುಂದೆ ಪ್ರತಿ ಸಿಳ್ಳೆಗೂ ನಾನು ಪೀಪಿಯನ್ನು ಬಾಯಿಗಿಟ್ಟುಕೊಳ್ಳಬೇಕಾಯಿತು. ಡ್ರಿಲ್ ಮಾಸ್ತರನ ಮಾನ ಅಷ್ಟಕ್ಕಷ್ಟೇ, ಅಂದು ಅದೂ ಹೋಯಿತು.

ಕಡಲತೀರದಲ್ಲಿ ಶಾಮಿಯಾನ, ಕೆಂಪು ಜಮಖಾನ, ಸಾಲಾಗಿ ಅಧಿಕಾರಿಗಳು. ಕ್ರೀಡಾ ಅಧಿಕಾರಿ ಮೈಕಿನಲ್ಲಿ 'ನಮ್ಮ ಜಿಲ್ಲೆಯ ಹೆಮ್ಮೆಯ ಲಾಂಛನ' ಎನ್ನುತ್ತಿದ್ದಂತೆ ಆಯಿ ಬಟ್ಟೆ ತೆಗೆದಳು. ಶೆಟ್ಲಿ ಇಳಿದು, ಡೀಸಿ ಸಾಹೇಬರ ಬೂಟಿನವರೆಗೆ ಮೂಸುತ್ತ ಹೋಗಿ, ಎರಡು ಕಾಲ ಮೇಲೆ ಎದ್ದು ನಿಂತು ಅವರ ಮುಖ ನೋಡಿತು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ತಿರುಗಿ, ಬಾಲ ಎತ್ತಿ, ಜಮಖಾನದ ನಟ್ಟ ನಡುವೆ ತನ್ನ ಕೆಲಸ ಮುಗಿಸಿತು. ಮೀನು ತಿನ್ನುವ ಪ್ರಾಣಿ, ವಾಸನೆಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಮುಂದಿನ ಸಾಲು ಖಾಲಿಯಾಯಿತು. ಕ್ರೀಡಾ ಅಧಿಕಾರಿಯ ಮುಖ ಕಪ್ಪಿಟ್ಟಿತು.

'ಸಿಟ್ ಮಾಡ್ಬ್ಯಾಡ್ರಾ ಸಾಹೇಬ್ರೇ' ಎಂದಳು ಆಯಿ ಡೀಸಿಯವರಿಗೆ, 'ಜಾಗ ಮನಸಿಗೆ ಬಂದ್ರೆ ಮಾತ್ರ ಅದು ಹಾಂಗೆ ಮಾಡೂದು.'

ಡೀಸಿ ಸಾಹೇಬರು ಗಟ್ಟಿಯಾಗಿ ನಕ್ಕರು. ಆಯಿ ನನ್ನ ಕಿವಿಯಲ್ಲಿ 'ತಾಜಾ' ಎಂದಳು.

ಕಾರ್ಯಕ್ರಮ ಮುಗಿದ ಮೇಲೆ ಶಾಮಿಯಾನದ ಮೂಲೆಯಲ್ಲಿ ಮಾತು ನಡೆಯಿತು. ಶೆಟ್ಲಿ ನಮ್ಮ ತಂಡದ್ದು, ನಮ್ಮ ಹತ್ತಿರವೇ ಇರಲಿ ಎಂದು ಬೇಡಿಕೊಳ್ಳಲು ಹುಡುಗರೆಲ್ಲ ತಯಾರಾಗಿ ಬಂದಿದ್ದರು. ನಾನೂ ಎರಡು ಮಾತು ಬಾಯಿಪಾಠ ಮಾಡಿಕೊಂಡಿದ್ದೆ. ಆಯಿ ನಮ್ಮ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ.

'ಸಾಹೇಬ್ರೇ, ರೇಂಜರ್ ಸಾಹೇಬ್ರು ಹೇಳೂದು ಖರೆ. ಹೆಣ್ಮಗು ಎಷ್ಟ್ ದಿನ ನಮ್ಮನೇಲಿ? ಕೊಡೂದೇ. ಆದ್ರೆ ನಮ್ಮಲ್ಲಿ ಹೆಣ್ ಕೊಡೂಕೆ ಮೊದ್ಲು ಮನೆ ನೋಡೂಕೆ ಹೋತೇವೆ. ಬಾವಿ ಎಲ್ಲದೆ, ಒಲೆ ಎಲ್ಲದೆ, ಅತ್ತೆ ಬಾಯಿ ಹೆಂಗದೆ, ಎಲ್ಲ ನೋಡ್ತೇವೆ. ಆ ತೊಟ್ಟಿ ಮನೆಗೆ ನಾ ಕೊಡೂದಿಲ್ಲ. ನಮ್ಮ ಕೇಣಿ ಹಳ್ಳದ ಮನೆ ನಂಗೆ ಗೊತ್ತದೆ. ಅಲ್ಲಿಗಾದ್ರೆ ಇವತ್ತೇ ಕೊಡ್ತೆ.'

ಹುಡುಗರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆಕೆ ಶೆಟ್ಲಿಯನ್ನು ಉಳಿಸಿಕೊಳ್ಳಲು ಬಂದಿದ್ದಾಳೆಂದೇ ನಾವೆಲ್ಲ ತಿಳಿದಿದ್ದೆವು.

ಹಳ್ಳಕ್ಕೆ ಬಿಡಲು ಬರುತ್ತದೆಯೇ ಎಂದು ಡೀಸಿಯವರು ರೇಂಜರ್ ಸಾಹೇಬರನ್ನು ಕೇಳಿದರು. ಬರುತ್ತದೆ, ಆದರೆ ಅದು ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳಬೇಕು, ಜೀವಂತ ಮೀನು ಹಿಡಿಯಬೇಕು, ಪಶುವೈದ್ಯರು ನೋಡಿ ಒಪ್ಪಬೇಕು, ಇಲ್ಲವಾದರೆ ಉಪವಾಸ ಬಿದ್ದು ಸಾಯುತ್ತದೆ ಎಂದರು ಅವರು. ಆಮೇಲೆ ಆಯಿಯತ್ತ ತಿರುಗಿ, 'ಇದು ಮೀನು ಹಿಡಿಯುತ್ತದೆಯೇ?' ಎಂದು ಕೇಳಿದರು.

ಆಯಿ ಬಗ್ಗಿ ಶೆಟ್ಲಿಯನ್ನು ಎತ್ತಿಕೊಂಡಳು. ಹಿಡಿಯುವುದು ಇರಲಿ, ಮುಳ್ಳಿರುವ ಮೀನನ್ನೇ ಶೆಟ್ಲಿ ಕಂಡಿರಲಿಲ್ಲ.

'ಅಮಾಸೆವರೆಗೆ ಟೈಮ್ ಕೊಡ್ರಾ' ಎಂದಳು.

ಮುಂದಿನದು ಕೇಣಿಯವರು ಇವತ್ತಿಗೂ ಹೇಳಿ ನಗುವ ಸಂಗತಿ. ಮೀನು ಹಿಡಿಯುವವರ ಊರಿನಲ್ಲಿ ನೀರುನಾಯಿಗೆ ಮೀನು ಹಿಡಿಯಲು ಕಲಿಸುವ ಶಾಲೆ ಶುರುವಾಯಿತು. ದಿನಾ ಬೆಳಿಗ್ಗೆ ಆಯಿ ಸೀರೆ ಎತ್ತಿ ಕಟ್ಟಿ ಹಳ್ಳಕ್ಕಿಳಿಯುವಳು. ಜನ್ಮವಿಡೀ ಮೀನು ಮಾರಿದವಳೇ ಹೊರತು ಹಿಡಿದವಳಲ್ಲ, ನಮ್ಮಲ್ಲಿ ಹಿಡಿಯುವುದು ಗಂಡಸರ ಕೆಲಸ. ಎದೆಮಟ್ಟ ನೀರಿನಲ್ಲಿ ನಿಂತು ಕೈಯಾಡಿಸಿ 'ಹೀಂಗೆ, ಹೀಂಗೆ' ಎಂದು ತೋರಿಸುವಳು. ಶೆಟ್ಲಿ ದಂಡೆಯ ಕಲ್ಲಿನ ಮೇಲೆ ಕೂತು ಸಿಳ್ಳೆ ಹಾಕುವುದು, ಮೀನು ಬಿಡಿಸಿ ಕೊಡು ಎಂದು. ಗಂಡುಮಕ್ಕಳು ಜೀವಂತ ಮೀನು ತಂದು ತಗ್ಗಿನ ನೀರಿಗೆ ಬಿಟ್ಟರೆ ಶೆಟ್ಲಿ ಹೆದರಿ ಆಯಿಯ ಬೆನ್ನ ಮೇಲೆ ಹತ್ತುವುದು.

'ನಿಂಗೆ ಬುದ್ಧಿ ಇಲ್ಲ, ನಿನ್ನ ಸಾಕಿದವ್ಳಿಗೂ ಇಲ್ಲ' ಎಂದು ಆಯಿ ಬೈಯುವಳು. ಆಮೇಲೆ ನನ್ನತ್ತ ತಿರುಗಿ, 'ಗಂಡ್ಮಕ್ಳಿಗೆ ಮುಳ್ ಬಿಡ್ಸಿ ಕೊಡ್ಲಿಲ್ಲ ಮಾಸ್ತರೇ. ಅದ್ಕೇ ಅವು ಬದ್ಕಿದವು' ಎನ್ನುವಳು.

ದಿನ ಕಳೆದಂತೆ ಆಕೆ ಕಟ್ಟುನಿಟ್ಟಾದಳು. ಬಿಡಿಸಿದ ಮೀನು ಬಂದ್. ಶೆಟ್ಲಿ ಬಾಗಿಲು ಕೆರೆದು ಕೂಗಿದರೂ ಕೊಡಲಿಲ್ಲ. ಆದರೆ ಅದು ಉಪವಾಸವಿದ್ದಷ್ಟು ಹೊತ್ತು ತಾನೂ ಉಣ್ಣಲಿಲ್ಲ. ಸಣ್ಣ ಮಗ ಗಂಜಿಯ ತಟ್ಟೆ ಹಿಡಿದು ನಿಂತು ಬೇಡಿಕೊಂಡ. 'ಅದು ಹಿಡ್ದು ತಿನ್ಲಿ, ನಾ ಉಣ್ತೆ' ಎಂದಳು. ಉಪವಾಸದ ಎರಡನೆಯ ದಿನ ಮಧ್ಯಾಹ್ನ, ಕಡಲಿನ ಜೊತೆ ಹಳ್ಳದ ನೀರೂ ಇಳಿಯುವ ಹೊತ್ತಿಗೆ, ಶೆಟ್ಲಿ ಕಲ್ಲಿನಿಂದ ನೀರಿಗೆ ಜಾರಿ ಮುಳುಗಿತು. ಎದ್ದಾಗ ಬಾಯಲ್ಲಿ ಒಂದು ಏಡಿ ಒದ್ದಾಡುತ್ತಿತ್ತು. ಏಡಿ ಅದರ ಮೂಗನ್ನು ಹಿಡಿದಿತ್ತೋ ಅದು ಏಡಿಯನ್ನು ಹಿಡಿದಿತ್ತೋ ಹೇಳುವುದು ಕಷ್ಟ, ಅಂತೂ ಗೆದ್ದದ್ದು ಶೆಟ್ಲಿ. ಆಯಿ ಅಲ್ಲೇ ದಂಡೆಯಲ್ಲಿ ಒದ್ದೆ ಸೀರೆಯಲ್ಲಿ ಕೂತು ತಣ್ಣಗಾದ ಗಂಜಿ ಉಂಡಳು. ನಾನು ಶಾಲೆಗೆ ರಜೆ ಹಾಕಿ ಅಲ್ಲಿದ್ದೆ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಅಮಾವಾಸ್ಯೆಯ ದಿನ ರೇಂಜರ್ ಸಾಹೇಬರು, ಪಶುವೈದ್ಯರು, ಕ್ರೀಡಾ ಅಧಿಕಾರಿ ಎಲ್ಲ ಬಂದರು. ಡೀಸಿ ಸಾಹೇಬರೂ ಅಂಕೋಲೆಗೆ ಬಂದವರು ಹಾಗೇ ಬಂದುಬಿಟ್ಟರು. ಹಳ್ಳದ ದಂಡೆಯಲ್ಲಿ ಆಯಿ ಚಾಪೆ ಹಾಸಿದ್ದಳು. ಹೊಸ ಸೀರೆ ಉಟ್ಟಿದ್ದಳು. ಮರಿಯ ಹಣೆಗೆ ಕುಂಕುಮ ಹಚ್ಚಿದಳು, ಅದು ನೆಕ್ಕಿ ತೆಗೆಯಿತು. ಗಂಡನ ಮನೆಗೆ ಹೋಗುವ ಹೆಣ್ಣಿಗೆ ಅಕ್ಕಿ ಕಾಯಿ ಹಾಕಿ ಉಡಿ ತುಂಬುವುದುಂಟು. ಶೆಟ್ಲಿಗೆ ಸೆರಗಿಲ್ಲವಾದ್ದರಿಂದ ಆಯಿ ಅದನ್ನು ತನ್ನ ಸೆರಗಿನಲ್ಲೇ ಕೂರಿಸಿಕೊಂಡು, ಅಕ್ಕಿಯ ಜೊತೆ ಒಂದು ಹಿಡಿ ಸೀಗಡಿ ಹಾಕಿದಳು. ಈ ಸಲ ಸಿಪ್ಪೆ ತೆಗೆದಿರಲಿಲ್ಲ. ಹಳ್ಳದ ಕಡೆಯವರು ಯಾರೂ ಇಲ್ಲವೆಂದು ರೇಂಜರ್ ಸಾಹೇಬರನ್ನೇ ಗಂಡಿನ ತಂದೆಯ ಜಾಗದಲ್ಲಿ ನಿಲ್ಲಿಸಿ ವೀಳ್ಯ ಕೊಟ್ಟಳು. ಮದುವೆಯೇ ಆಗದ ಆ ಎಳೆಯ ಸಾಹೇಬರು ಕಿವಿಯವರೆಗೆ ಕೆಂಪಾಗಿ ತೆಗೆದುಕೊಂಡರು.

ಶೆಟ್ಲಿ ನೀರಿಗಿಳಿದು, ಮುಳುಗಿ, ಒಳ್ಳೇ ದೊಡ್ಡ ಮೀನಿನೊಂದಿಗೆ ಎದ್ದಿತು. ಪಶುವೈದ್ಯರು ತಲೆದೂಗಿದರು. ಹುಡುಗರು ಕೇಕೆ ಹಾಕಿದರು. ಅಷ್ಟರಲ್ಲಿ ಶೆಟ್ಲಿ ಮೀನನ್ನು ಕಚ್ಚಿಕೊಂಡು ನೇರ ದಂಡೆಗೆ ಬಂದು ಆಯಿಯ ಕಾಲಬುಡದಲ್ಲಿ ಇಟ್ಟಿತು. ಮುಳ್ಳು ಬಿಡಿಸಿ ಕೊಡು ಎಂದಿತೋ, ನೀನೂ ತಿನ್ನು ಎಂದಿತೋ.

'ಅಮ್ಮಾ' ಎಂದರು ರೇಂಜರ್ ಸಾಹೇಬರು ಬಹಳ ಮೆಲ್ಲಗೆ, 'ಹೀಗೆ ಮನುಷ್ಯರ ಹತ್ತಿರ ಬಂದರೆ ಬಿಡುವ ಹಾಗಿಲ್ಲ. ನಾಳೆ ಬೇರೆ ಯಾರದೋ ಕಾಲಬುಡಕ್ಕೆ ಬರುತ್ತದೆ. ಅವರು ಹೊಡೆಯುತ್ತಾರೆ.'

ಅವರು ಹೇಳಿದ್ದು ಸರಿ ಎಂದು ಎಲ್ಲರಿಗಿಂತ ಮೊದಲು ಆಯಿಗೆ ತಿಳಿಯಿತು. ಬಗ್ಗಿ ಒಂದು ಮುಷ್ಟಿ ಮರಳು ತೆಗೆದುಕೊಂಡು ಶೆಟ್ಲಿಯ ಮುಖಕ್ಕೆ ಎಸೆದಳು. 'ವಚ್' ಎಂದಳು. ಮನೆಯೊಳಗೆ ಆಡುವ ಕೊಂಕಣಿ ಅದು, ಹೋಗು ಎಂದು. ಶೆಟ್ಲಿ ಆಟವೆಂದು ತಿಳಿದು ಮಗುಚಿ ಬಿದ್ದು ಮತ್ತೆ ಹತ್ತಿರ ಬಂತು. ಇನ್ನೊಂದು ಮುಷ್ಟಿ. ಮೀನನ್ನು ಕಾಲಿನಿಂದ ಒದ್ದು ನೀರಿಗೆ ಹಾಕಿದಳು. 'ವಚ್, ವಚ್' ಎಂದು ಕೂಗುತ್ತ ನೀರಿನವರೆಗೂ ಅಟ್ಟಿಸಿಕೊಂಡು ಹೋದಳು, ಅವಳ ಮುಖವೆಲ್ಲ ಕಣ್ಣೀರು. ಶೆಟ್ಲಿ ನಡು ಹಳ್ಳದಲ್ಲಿ ತಲೆ ಎತ್ತಿ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಮೀನು ತೇಲಿದ ಕಡೆ ಮುಳುಗಿತು. ಆಚೆ ದಂಡೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿ ಎದ್ದು, ಅಲ್ಲೇ ಕೂತು, ಮುಳ್ಳುಸಹಿತ ತಿಂದಿತು.

ಡೀಸಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಎಂದೂ ಅಷ್ಟು ಅತ್ತಿರಲಿಲ್ಲ. ಆಯಿ ಮಾತ್ರ ಸೆರಗಿನಲ್ಲಿ ಮುಖ ಒರೆಸಿ ತಿರುಗಿ, 'ಬೀಗರೇ, ಊಟ ಮಾಡ್ದೆ ಯಾರೂ ಹೋಗೂಕಿಲ್ಲ' ಎಂದಳು.

ಶೆಟ್ಲಿ ಹೋದ ಮೇಲೆ ನಮ್ಮ ತಂಡ ಮಲ್ಲಾಪುರದಲ್ಲಿ ಮತ್ತೆ ಮೊದಲ ಆಟಕ್ಕೇ ಸೋತಿತು, ತರಬೇತಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಕೆಲವು ದಿನ ಅದು ಹಳ್ಳದಲ್ಲಿ ದೂರದಿಂದ ಕಾಣುತ್ತಿತ್ತು. ಆಯಿ ಆ ಕಡೆ ಹೋಗುವುದನ್ನೇ ಬಿಟ್ಟಳು, ಸುತ್ತು ಬಳಸಿ ಪೇಟೆಗೆ ಹೋಗುವಳು. ಆಮೇಲೆ ಅದು ಕಾಣಲಿಲ್ಲ. ಬದುಕಿದೆಯೋ ಇಲ್ಲವೋ ಎಂದು ಯಾರೂ ಆಕೆಯ ಎದುರು ಆಡಲಿಲ್ಲ, ಆಕೆಯೂ ಕೇಳಲಿಲ್ಲ. ಆದರೆ ಪೇಟೆಯಿಂದ ಬಂದವಳು ಬುಟ್ಟಿ ಇಳಿಸಿ ಹಳ್ಳದ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದನ್ನು ನಾನು ನನ್ನ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಎರಡು ಮಳೆಗಾಲ ಹೀಗೇ ಹೋಯಿತು.

ಆಮೇಲೊಂದು ಬೆಳಿಗ್ಗೆ ಕೆಳಗಿನ ಕೇರಿಯ ದೋಣಿಯವನೊಬ್ಬ ಹರಿದ ಬಲೆ ಹೊತ್ತುಕೊಂಡು ಸಿಟ್ಟಿನಲ್ಲಿ ಬಂದು ಅಂಗಳದಲ್ಲಿ ಒಗೆದ.

'ನೋಡ್ ಆಯೀ, ನಿನ್ ಮಗ್ಳ ಕೆಲ್ಸ. ಮೀನೂ ಹೋತು, ಬಲೆನೂ ಹೋತು.'

ಆಯಿ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ಒಂದು ದೊಡ್ಡ ತೂತು, ಮುಷ್ಟಿ ಹೋಗುವಷ್ಟು. ಅದರ ಪಕ್ಕದಲ್ಲೇ ಸಣ್ಣ ಸಣ್ಣ ತೂತುಗಳು, ಎಳೆ ಹಲ್ಲಿನಲ್ಲಿ ಎಳೆದಾಡಿ ಬಿಟ್ಟಂಥವು. ಆಕೆ ಒಂದೊಂದರಲ್ಲೂ ಕಿರುಬೆರಳು ತೂರಿಸಿ ನೋಡಿದಳು. ಮತ್ತೆ ಮೊದಲಿನಿಂದ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು.

ಬಂದಾಗ ಕೈಯಲ್ಲಿ ಸಕ್ಕರೆಯ ಡಬ್ಬಿ ಇತ್ತು. ಮಗು ಹುಟ್ಟಿದ ಮನೆಯಲ್ಲಿ ಹಂಚುವಂತೆ ಮೊದಲು ಆ ದೋಣಿಯವನ ಅಂಗೈಗೆ ಹಾಕಿದಳು, ಆಮೇಲೆ ನನಗೆ. ಜಗಳಕ್ಕೆ ಬಂದವನು ಸಕ್ಕರೆ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ.

'ಬಲೆ ನಾಳೆ ಕಟ್ಟಿ ಕೊಡ್ತೆ' ಎಂದಳು ಆಯಿ. 'ಮೊದ್ಲು ಬಾಯಿ ಸಿಹಿ ಮಾಡು ತಮ್ಮಾ.'